ಕಿಟ್ಟ ಸಿಮೆಂಟು

೨೦೧೯ರ ಮಾರ್ಚ್ ೧೧, ಸೋಮವಾರ. ಆಧಾರ, ನನ್ನ ದಿನಚರಿ. ಅಂದು ಮಳಖೇಡದ ಪರಿಚಿತ ರೈತ ಮಹಿಳೆಯೊಬ್ಬರ ಹಿತ್ತಿಲಲ್ಲಿ ನಾಲ್ಕು ಚೀಲ ಸಿಮೆಂಟು ಇಳಿಸಿದೆ. ಉಕ್ಕಿನ ಕುಲುಮೆಯಲ್ಲಿ ಉಳಿಯುವ ಕಿಟ್ಟವನ್ನು ನುಣ್ಣಗೆ ಅರೆದು ಬೆರೆಸಿ ನಾವು ತಯಾರಿಸಿದ ಹೊಸ ಸಿಮೆಂಟದು. ಇದಕ್ಕೆ ಸುಣ್ಣದ ಕಲ್ಲನ್ನು ಅಷ್ಟಾಗಿ ಸುಡಬೇಕಿಲ್ಲ, ಹೊಗೆಯೂ ಕಡಿಮೆ. ವಾಡಿಯ ನಮ್ಮ ಪ್ರಯೋಗಾಲಯದ ಹೊರಗೆ ಅದರಿಂದ ಕಟ್ಟುವ ಮೊದಲ ಕಟ್ಟೆ ಅವರ ಬಟ್ಟೆ ಒಗೆಯುವ ಕಟ್ಟೆಯಾಗಬೇಕಿತ್ತು.

ಕಟ್ಟಲು ಬಂದ ಗೌಂಡಿ ಚೀಲಗಳನ್ನೊಮ್ಮೆ ನೋಡಿದ, ಬಿಚ್ಚಲೇ ಇಲ್ಲ. "ಕೆಟ್ಟ ಸಿಮೆಂಟ್ ಅಂತ ನೀವೇ ಅಂತೀರಿ, ಮತ್ತ ಕಟ್ಟು ಅಂತೀರಲ್ರಿ ಸಾಹೇಬ್ರ?"

"ಕೆಟ್ಟ ಅಲ್ಲಪ್ಪ, ಕಿಟ್ಟ" ಎಂದೆ.

ಮನೆಯಾಕೆ ನಕ್ಕರು. "ಏನರ ಇರ್ಲಿ ಬಿಡ್ರಿ. ನಾಳಿ ಕಟ್ಟಿ ಬಿರಿತಂದ್ರ, ಕೆಟ್ಟದ್ದಂತ ಗೊತ್ತಿದ್ದೂ ಹಾಕ್ಸ್ಯಾಳ ಅಂತ ಮಂದಿ ನನಗ ಆಡ್ಕೋತಾರ. ವಾಪಸ್ ಒಯ್ರಿ."

ಈ ಸಿಮೆಂಟು ನಿಧಾನವಾಗಿ ಗಟ್ಟಿಯಾದರೂ ಭದ್ರವಾಗಿ ನಿಲ್ಲುತ್ತದೆಂದು ಒಂದು ತಾಸು ವಿವರಿಸಿದೆ. ಅವರು ಚಹಾ ಕೊಟ್ಟರು, ಒಪ್ಪಿಗೆ ಕೊಡಲಿಲ್ಲ. ಚೀಲಗಳು ವಾಡಿಗೆ ಮರಳಿದವು. ಮಳೆಗಾಲದ ತೇವಕ್ಕೆ ಅಲ್ಲಿಯೇ ಕಲ್ಲಾದವು. ಅಂದಿನಿಂದ ಶಹಾಬಾದಿನಲ್ಲಾಗಲಿ ಸೇಡಮಿನಲ್ಲಾಗಲಿ ಆ ಸಿಮೆಂಟು ಏನಾಯಿತೆಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ವರ್ಷಗಟ್ಟಲೆಯ ಸಂಶೋಧನೆ ಒಬ್ಬ ಗೌಂಡಿಯ ಕಿವಿಗೆ ಸೋತಿತು. ಹೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ದಿನಚರಿಯಲ್ಲಿಯೂ "ಗೌಂಡಿ ತಪ್ಪಾಗಿ ಕೇಳಿಸಿಕೊಂಡ" ಎಂದೇ ಇದೆ. ಆದರೆ ದಿನಾಂಕ ತಾಳೆ ನೋಡಲು ಇಂದು ಹುಡುಕಿ ಹೊರತೆಗೆದ ಅದೇ ದಿನದ ಛಾಯಾಚಿತ್ರ ಬೇರೆಯೇ ಹೇಳುತ್ತದೆ. ಚೀಲಕ್ಕೆ ಅಂಟಿಸಿದ ಚೀಟಿಯ ಮೇಲೆ, ಸಂದೇಹಕ್ಕೆಡೆಯಿಲ್ಲದ ನನ್ನ ಕೈಬರಹದಲ್ಲಿ, "ಕೆಟ್ಟ ಸಿಮೆಂಟು" ಎಂದಿದೆ. ಗೌಂಡಿ ಕೇಳಿಸಿಕೊಂಡಿರಲಿಲ್ಲ, ಓದಿದ್ದ.