ಜೋಳದ ಕೂಸು

ಇಳಕಲ್ ಸೀರೆಯ ನಿರಿಗೆಯ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು. ನಮ್ಮ ಪಕ್ಕದ ಮನೆಯ ಅಕ್ಕೋರನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಮುಖವಲ್ಲ, ಆ ಬೂಟು. ರವಿವಾರಕ್ಕೊಮ್ಮೆ ಅದನ್ನು ತೊಳೆದು, ಬಿಳಿ ಬಣ್ಣ ಹಚ್ಚಿ, ನಮ್ಮಿಬ್ಬರ ಹಿತ್ತಲಿನ ನಡುವಿನ ಗಿಡ್ಡ ಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಎರಡು ಕೊಕ್ಕರೆ ಬಂದು ಕುಳಿತಂತೆ ಕಾಣುತ್ತಿತ್ತು.

ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ಅದಕ್ಕೇ ಓಣಿಗೆಲ್ಲ ಅವರು ಅಕ್ಕೋರು. ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮೆಂತೆ ಸೊಪ್ಪು ಸೋಸುವರು. ಸೋಸಿ ಮುಗಿಯಿತೆಂದರೆ ಬುಟ್ಟಿ ಎತ್ತಿಕೊಂಡು ಸೀದಾ ಎದ್ದು ನಿಲ್ಲುವರು. ನೆಲಕ್ಕೆ ಕೈ ಊರುವುದಿಲ್ಲ, ಗೋಡೆ ಹಿಡಿಯುವುದಿಲ್ಲ, "ಯವ್ವಾ" ಅನ್ನುವುದಿಲ್ಲ. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ನಾನೋ, ಪ್ಲಾಸ್ಟಿಕ್ ಕುರ್ಚಿಯಿಂದ ಏಳಬೇಕಾದರೂ ಮೂರು ದೇವರನ್ನು ಕರೆಯುತ್ತಿದ್ದೆ. ಸಕ್ಕರೆ ಕಾಯಿಲೆ ಬಂದ ಮೇಲೆ ತೊಡೆ, ತೋಳೆಲ್ಲ ಸೊರಗಿದ್ದವು. ನೆಲದ ಮೇಲೆ ಕೂರುವುದನ್ನೇ ಬಿಟ್ಟಿದ್ದೆ. ಅಡಿಗೆ ನಿಂತು, ಊಟ ಕುರ್ಚಿಯ ಮೇಲೆ, ಪೂಜೆ ಸ್ಟೂಲಿನ ಮೇಲೆ. ವಯಸ್ಸಾಯಿತು, ಇನ್ನು ಹೀಗೇ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮುಂಡರಗಿಗೆ ಕೊಟ್ಟ ಮಗಳು ಬಸುರಾದಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಬಂದ ಸುದ್ದಿ. ಮೂರು ತಿಂಗಳಿಗೆ ಯಾರಿಗೂ ಹೇಳದೆ ಗುಟ್ಟಾಗಿ ಮಾಡುವ ಕಳ್ಳಕುಬಸಕ್ಕೆ ಹೋದೆ. ಹೆಸರಿಗೆ ಕಳ್ಳಕುಬಸ, ಮನೆಯ ತುಂಬ ಹೆಂಗಸರು. ಮಗಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಉಡಿ ತುಂಬಿದೆ. ಕುಳಿತಿದ್ದೇನೋ ಆಯಿತು, ಏಳಲು ಬರಲಿಲ್ಲ. ಒಂದು ಸಲ ನೋಡಿದೆ, ಎರಡು ಸಲ ನೋಡಿದೆ, ಮಣಕಾಲು ನನ್ನ ಮಾತು ಕೇಳಲಿಲ್ಲ. ಕಡೆಗೆ ಇಬ್ಬರು ಹೆಂಗಸರು ರಟ್ಟೆ ಹಿಡಿದು ಜೋಳದ ಚೀಲ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೀಗತಿ ಕೆಟ್ಟವಳಲ್ಲ. ಮಗಳಂತೆ ಸೊಸೆಯನ್ನು ನೋಡಿಕೊಂಡವಳು. ಊಟವಾದ ಮೇಲೆ ಎಲೆ ಅಡಿಕೆ ಕೊಡುತ್ತ ಮೆತ್ತಗೆ ಅಂದಳು: "ಬೀಗತಿ, ಸಿಟ್ಟಿಗೇಳಬ್ಯಾಡ್ರಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಖರೆ. ಆದ್ರ ನಿಮಗ ನಿಮ್ಮ ಮೈನ ಎತ್ತಾಕ ಆಗವಲ್ದು. ಕೂಸಿನ್ನ ಹೆಂಗ ಎರೀತೀರಿ? ಇಲ್ಲೇ ಮಾಡ್ತೀವಿ ಬಿಡ್ರಿ."

ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿ ಬಿಸಿನೀರು ಹಾಕಬೇಕು. ನನ್ನ ತಾಯಿ ನನ್ನ ಮಗಳಿಗೆ ಹಾಗೇ ಎರೆದಿದ್ದಳು. ನನಗೆ ಬೇರೆ ಆಸೆ ಇರಲಿಲ್ಲ. ಅದೊಂದು ಇತ್ತು. ಗದಗಿನ ತನಕ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಬಂದೆ.

ಮರುದಿನ ಗೋಡೆಯ ಆಚೆಯಿಂದ ಅಕ್ಕೋರು ನನ್ನ ಮುಖ ನೋಡಿದರು. "ಯಾಕ, ಹಬ್ಬದಾಗ ಕಡಬು ಸೀದಿತೇನು?" ಅಂದರು. ಎಲ್ಲ ಹೇಳಿಕೊಂಡು ಅತ್ತೆ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಬೂಟಿನ ದಾರ ಬಿಗಿದರು. "ಆರು ತಿಂಗಳು ಅದಾವ ಕೈಯಾಗ. ಮೊದಲ ಡಾಕ್ಟರ ಕಡೆ ನಡೀರಿ. ಆಮ್ಯಾಲೆ ಅಳೂಣಂತ."

ಡಾಕ್ಟರು ನೋಡಿ, ಎಲುಬು ಗಟ್ಟಿ ಇವೆ, ಮಾಂಸಖಂಡ ಸೊರಗಿವೆ, ನಿಧಾನಕ್ಕೆ ಭಾರ ಎತ್ತುವ ವ್ಯಾಯಾಮ ಮಾಡಲಿ, ಕಾಳು ಬೇಳೆ ಚೆನ್ನಾಗಿ ತಿನ್ನಲಿ ಎಂದರು. ಅಕ್ಕೋರು ಮನೆಗೆ ಬಂದವರೇ ನಮ್ಮ ಜೋಳದ ಡಬ್ಬಿಯ ಮುಚ್ಚಳ ತೆಗೆದರು. ನನ್ನ ಹಳೆಯ ಸೀರೆಯ ತುಂಡಿನಲ್ಲಿ ಜೋಳ ಹಾಕಿ, ಸುತ್ತಿ, ದಬ್ಬಣದಿಂದ ಹೊಲಿದರು. ಒಂದು ತುದಿಗೆ ಗಂಟು ಹಾಕಿ ತಲೆ ಮಾಡಿದರು. ನನ್ನ ಕೈಗೆ ಕೊಟ್ಟರು. "ಹಿಡೀರಿ. ನಿಮ್ಮ ಮೊಮ್ಮಗ."

ಹಿಡಿದದ್ದಷ್ಟೇ, ಮತ್ತೆ ಇಸಿದುಕೊಂಡು ಮೂಲೆಗಿಟ್ಟರು; ಮೊದಲ ಕೆಲವು ವಾರ ಮುಟ್ಟಗೊಡಲಿಲ್ಲ. ಕುರ್ಚಿಯಿಂದ ಬರಿಗೈಯಲ್ಲಿ ಏಳುವುದು, ಕೂರುವುದು. ಅದು ಬಂದ ಮೇಲೆ ಗಿಡ್ಡ ಸ್ಟೂಲು. ಆಮೇಲೆ ಮಣೆ. ಗೋಡೆಗೆ ಕೈ ಒತ್ತಿ ದೂಡುವುದು. ಪ್ರತಿ ಸಲ ಕೈ ನೆಲಕ್ಕೆ ಹೋಗುವುದು ಕಂಡರೆ ಬೂಟಿನ ತುದಿಯಿಂದ ನೆಲ ಬಡಿಯುವರು: "ಕೈ ಹಚ್ಚಬ್ಯಾಡ್ರಿ! ಕೈಯಾಗ ಕೂಸೈತಿ ಅಂತ ತಿಳೀರಿ." ದಿನಾ ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ ಇದೇ ಕೆಲಸ. ಒಂದು ದಿನ ಉತ್ಸಾಹ ಬಂದು ಹೆಚ್ಚು ಮಾಡಲು ಹೋದೆ. ತಡೆದರು. "ಹಠ ಬ್ಯಾಡ್ರಿ, ರೂಢಿ ಬೇಕು. ಹಠದಾಗ ಮಾಡಿದ್ದು ನೆಗಡಿ ಬಂದ್ರ ಹೋಗ್ತೈತಿ. ರೂಢಿ ಹಲ್ಲು ತಿಕ್ಕಿದಂಗ, ಬಿಟ್ರ ಬಾಯಿಗೇ ಸೇರೂದಿಲ್ಲ."

ಜೋಳದ ಕೂಸು ಮತ್ತೆ ಕೈಗೆ ಬಂದ ದಿನ ಓಣಿಯೇ ನಕ್ಕಿತು. ಬಗಲಲ್ಲಿ ಅದನ್ನು ಎತ್ತಿಕೊಂಡು ಹಿತ್ತಲಲ್ಲಿ ಓಡಾಡುತ್ತಿದ್ದರೆ, ಹಿತ್ತಲ ಆಚೆಯ ಮನೆಯಲ್ಲಿ ಸೀರೆ ನೇಯುವ ಮಗ್ಗದಾಕೆ ಕಿಟಕಿಯಿಂದ ಕೂಗುವಳು: "ಯಕ್ಕಾ, ಮಗಳಕಿಂತ ಮೊದಲ ನೀನ ಹಡದಿಯಲ್ಲ! ಗಂಡೋ ಹೆಣ್ಣೋ?" ನಮ್ಮ ಯಜಮಾನರು ಒಳಗಿನಿಂದ, "ಹೆಣ್ಣ ನೋಡವಾ. ಆದ್ರ ಅವ್ವನಂಗಲ್ಲ, ಬಾಯಿ ಹೊಲದಾರ, ಅದಕ್ಕ ಗಪ್ಪ ಕುಂತೈತಿ" ಅನ್ನುವರು.

ವಾರ ಕಳೆದ ಹಾಗೆ ಅಕ್ಕೋರು ಹೊಲಿಗೆ ಬಿಚ್ಚಿ ಒಂದು ಬೊಗಸೆ ಜೋಳ ಸೇರಿಸುವರು. ನಾನು ಎಷ್ಟೇ ಚೆಂದ ಎದ್ದು ನಿಂತರೂ "ಶಾಬಾಸ್" ಅನ್ನುವ ಮಾತಿಲ್ಲ. "ಆತು. ಇನ್ನೊಂದು ಬೊಗಸಿ" ಅಷ್ಟೇ.

ಒಂದು ದಿನ ಊಟದ ಹೊತ್ತಿಗೆ ಬಂದರು. "ತಾಟು ತೋರಸ್ರಿ." ಯಜಮಾನರದ್ದು ಆಗಿತ್ತು. ನನ್ನ ತಾಟಿನಲ್ಲಿ ಎರಡು ಕಟಕ ರೊಟ್ಟಿ, ಕೆಂಪು ಚಟ್ನಿ, ತಳದ ತಿಳಿ ಸಾರು. ನಮ್ಮ ಹೆಣ್ಣುಮಕ್ಕಳ ತಾಟು ಯಾವತ್ತೂ ಹೀಗೇ. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತದೋ ಅದು ನಮ್ಮ ಊಟ. ಅಕ್ಕೋರು ಯಜಮಾನರ ಕಡೆ ತಿರುಗಿದರು. "ರೀ, ಎತ್ತಿಗೆ ಹೊಟ್ಟು ಹಾಕಿ ಹೊಲ ಹರಗಸ್ತೀರೇನು?"

ಮರುದಿನ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಯಜಮಾನರು ಹೊರಗೆ ಇರಲಿಲ್ಲ. ಅಡಿಗೆಮನೆಯಲ್ಲಿ ನೋಡಿದರೆ ನೆಲದ ಮೇಲೆ ಎರಡು ತಾಟು ಹಾಕಿ, ಮಡಕೆ ಕಾಳಿನ ಪಲ್ಯವನ್ನು ಮೊದಲು ನನ್ನ ತಾಟಿಗೆ ಬಡಿಸುತ್ತ ಕುಳಿತಿದ್ದರು. "ಕುಂಡ್ರು. ಆ ಅಕ್ಕೋರು ನನ್ನ ಬಡದಗಿಡದಾರು" ಅಂದರು. ಮದುವೆಯಾದಂದಿನಿಂದ ಅವರ ಜೊತೆ ಕೂಡಿ ಉಂಡದ್ದು ಅದೇ ಮೊದಲು. ಮೊಳಕೆ ಹೆಸರು, ಹಸಿ ಸೌತೆಕಾಯಿ, ಮೆಂತೆ ಸೊಪ್ಪು, ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು. ರೊಟ್ಟಿ ಒಂದು ಕಡಿಮೆಯಾಯಿತು, ಹಸಿವು ಕಡಿಮೆಯಾಯಿತು, ಮೈಗೆ ಕಸುವು ಹತ್ತಿತು.

ಆದರೆ ಇದರ ನಡುವೆ ನಾನೊಂದು ಕೆಲಸ ಮಾಡಿದ್ದೆ. ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ಸೋಮವಾರ, ಶುಕ್ರವಾರ ಉಪವಾಸದ ಹರಕೆ ಹೊತ್ತಿದ್ದೆ. ಯಾವ ತಾಯಿ ಹೊರುವುದಿಲ್ಲ? ಒಂದು ಶುಕ್ರವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಜೋಳದ ಕೂಸು ಎತ್ತಿಕೊಂಡು ಏಳುವಾಗ ಕಣ್ಣು ಕತ್ತಲೆ ಬಂತು. ಕೂಸು ಒಂದು ಕಡೆ, ನಾನು ಒಂದು ಕಡೆ. ಹೊಲಿಗೆ ಬಿಚ್ಚಿ ಜೋಳವೆಲ್ಲ ಹಿತ್ತಲ ಪಾಲು.

ಅಕ್ಕೋರು ಗೋಡೆ ದಾಟಿಯೇ ಬಂದರು, ಸುತ್ತು ಹಾಕಿ ಬಾಗಿಲಿನಿಂದ ಅಲ್ಲ. ನನ್ನನ್ನು ಒರಗಿಸಿ ಕೂರಿಸಿ, ಬಾಯಿಗೆ ಬೆಲ್ಲ ಹಾಕಿ, ಕಾರಣ ಕೇಳಿದರು. ಹೇಳಿದೆ. ಚೆಲ್ಲಿದ ಜೋಳವನ್ನು ಒಂದು ಬೊಗಸೆ ಆರಿಸಿದರು. ಆಮೇಲೆ ಅಂದರು: "ಇವತ್ತು ಇದು ಜ್ವಾಳ ಆತು. ಖರೇ ಕೂಸ ಇದ್ದಿದ್ರ?"

"ಹರಕಿ ಹೆಂಗ ಮುರೀಲ್ರಿ ಅಕ್ಕೋರ? ದೇವ್ರು ಮುನಿಸ್ಕೊಂಡ್ರ?"

"ಮುರೀಬ್ಯಾಡ್ರಿ, ಬದಲಿ ಮಾಡ್ರಿ. ನಿಮಗ ಊಟ ಬಿಡೂದು ಕಠಿಣೋ, ಚಾದಾಗಿನ ಸಕ್ರಿ ಬಿಡೂದು ಕಠಿಣೋ?"

"ಸಕ್ರೀರಿ" ಎಂದೆ, ಯೋಚನೆ ಮಾಡದೆ.

"ಹಂಗಾರ ಅದ ದೊಡ್ಡ ಹರಕಿ. ಸಣ್ಣದು ತಗದು ದೊಡ್ಡದು ಕೊಟ್ರ ಯಾವ ದೇವ್ರು ಬ್ಯಾಡ ಅಂತಾನ?"

ಡಾಕ್ಟರು ಎಷ್ಟೋ ಸಲ ಹೇಳಿದರೂ ಬಿಡದ ಸಕ್ಕರೆಯನ್ನು ಅವತ್ತೇ ದೇವರ ಮುಂದೆ ಬಿಟ್ಟೆ. ಡಾಕ್ಟರಿಗೆ ಸುಳ್ಳು ಹೇಳಬಹುದು, ದೇವರಿಗೆ ಹೇಳಲಾಗದು. ಇವತ್ತಿಗೂ ಮುಟ್ಟಿಲ್ಲ.

ನಾನೇ ಎರೆಯುತ್ತೇನೆ ಎಂದು ಫೋನಿನಲ್ಲಿ ಬೇಡಿಕೊಂಡು ಬೀಗತಿಯನ್ನು ಒಪ್ಪಿಸಿದೆ. ಮಗಳು ತವರಿಗೆ ಬಂದಳು, ಹೆಣ್ಣು ಹಡೆದಳು. ಗದಗಿನ ಆಸ್ಪತ್ರೆಯಿಂದ ಮನೆಗೆ ಬಂದು, ಹೊಕ್ಕಳು ಉದುರಿದ ಮೇಲೆ ಎರೆಯುವ ದಿನ ಬಂತು. ಬೀಗತಿ ಮುಂಡರಗಿಯಿಂದ ಬಂದಿದ್ದಳು. ನೋಡಲು ಬಂದವಳೋ, ನನ್ನ ಕೈಲಾಗದಿದ್ದರೆ ತಾನು ಕೂರೋಣ ಎಂದು ಬಂದವಳೋ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಅಕ್ಕೋರು ಬಚ್ಚಲ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಅವತ್ತು ಬೂಟು ಹೊರಗೆ ಬಿಟ್ಟಿದ್ದರು.

ಮಣೆಯ ಮೇಲೆ ಕುಳಿತೆ. ಕಾಲು ಚಾಚಿದೆ. ಕೂಸನ್ನು ಹಾಕಿದರು. ಬೀಗತಿ ನೀರು ಹೊಯ್ದಳು, ನಾನು ತಿಕ್ಕಿದೆ. ನನ್ನ ತಾಯಿಯ ಕೈಯೇ ನನ್ನ ಕೈಯೊಳಗೆ ಬಂದು ತಿಕ್ಕಿದ ಹಾಗಿತ್ತು. ಕೂಸು ಓಣಿ ಹಾರುವಂತೆ ಅತ್ತಿತು, ಆಮೇಲೆ ಬಿಸಿನೀರಿನ ಸುಖಕ್ಕೆ ಕಣ್ಣು ಮುಚ್ಚಿತು. ಅರಿವೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಬೀಗತಿ ಇಸಿದುಕೊಳ್ಳಲು ಕೈ ಚಾಚಿದಳು.

"ಇರ್ರಿ" ಅಂದರು ಅಕ್ಕೋರು.

ಕಾಲು ಮಡಚಿದೆ. ಒಂದು ಮಣಕಾಲು ಊರಿದೆ. ಇನ್ನೊಂದು ಪಾದ ನೆಲಕ್ಕೆ ಕಚ್ಚಿತು. ಎದ್ದು ನಿಂತೆ. ಎರಡೂ ಕೈಯಲ್ಲಿ ನನ್ನ ಮೊಮ್ಮಗಳು.

ಮಗಳು ಅಳತೊಡಗಿದಳು. ಬೀಗತಿ ತಂಬಿಗೆ ಹಿಡಿದವಳು ಹಾಗೇ ನಿಂತಳು. "ಯವ್ವಾ! ಬೀಗತಿ, ಮಣಕಾಲು ಹೊಸಾವು ಹಾಕ್ಸೀರೇನ್ರಿ?" ಅಕ್ಕೋರು ನನ್ನ ಕಾಲನ್ನೇ ನೋಡುತ್ತ ಅಂದರು, "ಹಳೇವ. ಜ್ವಾಳಾ, ಕಾಳು ತಿನ್ಸಿ ಸಾಕೀವಿ."

ತೊಟ್ಟಿಲು ಹಾಕುವ ದಿನ, ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವುದು ನಮ್ಮ ಪದ್ಧತಿ. ಕಲ್ಲು ತರಲು ಹೊರಟವರನ್ನು ಮಗ್ಗದಾಕೆ ತಡೆದಳು. "ಕಲ್ಲು ಯಾಕ್ರಿ? ಈ ಮನ್ಯಾಗ ಹಿರೀ ಮಗಳು ಐತೆಲ್ಲ!" ಜೋಳದ ಕೂಸಿಗೆ ಕುಂಚಿಗೆ ಕಟ್ಟಿ, ಕಾಡಿಗೆ ಹಚ್ಚಿ, ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಗಳು ಮೊಮ್ಮಗಳನ್ನು ಕರೆದುಕೊಂಡು ಮುಂಡರಗಿಗೆ ಹೋದಳು. ಸ್ವಲ್ಪ ದಿನಕ್ಕೆ ಅಕ್ಕೋರೂ ಮನೆ ಬಿಟ್ಟು ಲಕ್ಷ್ಮೇಶ್ವರದಲ್ಲಿರುವ ತಮ್ಮನ ಮನೆಗೇ ಇರಲು ಹೋದರು. ಹೋಗುವ ದಿನ ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈ ಇಡಲಿಲ್ಲ, ಹಿಂದೆ ಸರಿದು ನಾನು ಹೇಗೆ ಏಳುತ್ತೇನೆಂದು ನೋಡಿದರು. ಎದ್ದೆ. "ಕೂಸು ಅಲ್ಲಿ ಬೆಳೀತೈತಿ. ಇಲ್ಲೂ ಬೆಳೀಲಿ" ಎಂದು ಜೋಳದ ಕೂಸನ್ನು ತೋರಿಸಿ ಆಟೋ ಹತ್ತಿದರು. ಗೋಡೆಯ ಮೇಲೆ ಈಗ ಬೂಟು ಇಲ್ಲ. ರವಿವಾರ ಹಿತ್ತಲಿಗೆ ಹೋದರೆ ಇವತ್ತಿಗೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಅವರ ಮಾತು ಬಿಡಲಿಲ್ಲ. ಅಂಗನವಾಡಿಯಲ್ಲಿ ತೂಗಿದಾಗೆಲ್ಲ ಮಗಳು ಫೋನು ಮಾಡುತ್ತಾಳೆ, ಮೊಮ್ಮಗಳು ಅಲ್ಲಿ ಎಷ್ಟು ಏರಿದಳೋ ಅಷ್ಟು ಜೋಳ ಇಲ್ಲಿ ಏರುತ್ತದೆ. ಈ ಪಂಚಮಿಗೆ ಮಗಳ ಜೊತೆ ಮೊಮ್ಮಗಳೂ ಬಂದಳು. ಆಟೋದಿಂದ ಇಳಿದವಳೇ "ಅಜ್ಜೀ" ಎಂದು ಓಡಿ ಬಂದಳು. ಬಗ್ಗಿ ಎತ್ತಿದೆ. ಬಗಲಿಗೆ ಹಾಕಿಕೊಂಡೆ. ಜೋಳದಷ್ಟೇ ಭಾರ. ಆದರೆ ಜೋಳ ಕೊರಳು ತಬ್ಬುವುದಿಲ್ಲ.

ಆ ಖುಷಿಯಲ್ಲೇ ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿದೆ. ನಾಲ್ಕನೇತ್ತೆಗೆ ಶಾಲೆ ಬಿಟ್ಟವಳು ನಾನು. ಉಪಕಾರ ಹೇಳುವ ದೊಡ್ಡ ಮಾತು ಬರುವುದಿಲ್ಲ. "ಅಕ್ಕೋರ, ಎತ್ತಿದೆನ್ರಿ" ಎಂದೆ ಅಷ್ಟೇ. ಆ ಕಡೆ ಮೂಗು ಏರಿಸಿದ ಸಪ್ಪಳ ಕೇಳಿದ ಹಾಗಾಯಿತು.

"ಆತು" ಅಂದರು. "ಇನ್ನೊಂದು ಬೊಗಸಿ."

ಜೋಳದ ಕೂಸಿನ ಹೊಲಿಗೆ ಬಿಚ್ಚಿದೆ. ಮೊಮ್ಮಗಳು ಡಬ್ಬಿಯೊಳಗೆ ತನ್ನ ಪುಟ್ಟ ಬೊಗಸೆ ಹಾಕಿ ತುಂಬಿ ತಂದಳು. ಅರ್ಧ ಒಳಗೆ, ಅರ್ಧ ನೆಲದ ತುಂಬ. ಅವಳ ಜೊತೆ ನೆಲದ ಮೇಲೆ ಕುಳಿತು ಕಾಳು ಕಾಳು ಆರಿಸಿದೆ. ಆಮೇಲೆ ಒಂದು ಬಗಲಲ್ಲಿ ಅವಳನ್ನು ಎತ್ತಿಕೊಂಡು, ಕೈ ಹಚ್ಚದೆ, ಎದ್ದೆ.