ಸಂಗು ಕೇಳಿ ಮನೆ ಸೇರುತ್ತಿದ್ದ ಬೆಕ್ಕು

ನಮ್ಮ ದೊಡ್ಡಮ್ಮ ಕದಿರಮ್ಮ ಬಂಗಾರಪೇಟೆಯ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಾಗ, ಯಾವುದಾದರೂ ಬೆಕ್ಕು ಅವಳ ಗೋಣಿಯ ಹತ್ತಿರ ಸುಳಿದರೆ ಸಾಕು, ಕೈಯಲ್ಲಿದ್ದ ದಂಟಿನ ಕಂತೆಯನ್ನೇ ಬೀಸಿ ಓಡಿಸುತ್ತಿದ್ದಳು. ಈ ಹೆಂಗಸಿಗೆ ಬೆಕ್ಕು ಕಂಡರಾಗದು ಎಂದು ಪಕ್ಕದ ಅಂಗಡಿಯವರು ಆಡಿಕೊಳ್ಳುತ್ತಿದ್ದರು. ಅವರಿಗೇನು ಗೊತ್ತು? ಬೆಕ್ಕನ್ನು ಅವಳಷ್ಟು ಚೆನ್ನಾಗಿ ಸಾಕಿದವರನ್ನು ನಾನು ಕಂಡಿಲ್ಲ. ಕಂತೆ ಕಟ್ಟುತ್ತಾ ಅವಳು ನನಗೆ ಹೇಳಿದ್ದನ್ನೂ, ಅವಳು ನುಂಗಿಕೊಂಡದ್ದನ್ನು ನಮ್ಮಮ್ಮ ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕದಿರಮ್ಮ ಕ್ಯಾಸಂಬಳ್ಳಿಯ ಹೆಣ್ಣು, ನಮ್ಮಮ್ಮ ಮುನಿಶಾಮಮ್ಮನ ಅಕ್ಕ. ಅವಳನ್ನು ಊರಿಗಾಂನಲ್ಲಿ ಚಿನ್ನದ ಗಣಿ ಕೆಲಸಕ್ಕಿದ್ದ ಕೋದಂಡಪ್ಪನಿಗೆ ಕೊಟ್ಟಿದ್ದರು. ಆತ ಒಳ್ಳೆಯ ಮನುಷ್ಯ. ಕುಡಿದ ದಿನ ಹಾಡು ಹೇಳಿಕೊಂಡು ಮಲಗುತ್ತಿದ್ದನೇ ಹೊರತು ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಮಕ್ಕಳಾಗಲಿಲ್ಲ. ಐವತ್ತಮೂರನೇ ಇಸವಿಯಲ್ಲಿ ಸುರಂಗದೊಳಗೆ ಬಂಡೆಗೆ ಆಸರೆ ಕೊಟ್ಟಿದ್ದ ಮರ ಬಿದ್ದು ಅವನ ಬೆನ್ನು ಮುರಿಯಿತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಕಾಲಿನ ಮೇಲೆ ಕೆಂಡ ಇಟ್ಟರೂ ತಿಳಿಯುತ್ತಿರಲಿಲ್ಲ. ಅವನ ತಮ್ಮ ರಾಮಚಂದ್ರಪ್ಪನೂ ಅದೇ ಗಣಿಯಲ್ಲಿ ಕೆಲಸಕ್ಕಿದ್ದುದರಿಂದ ಲೈನಿನ ಮನೆ ತಮ್ಮನ ಹೆಸರಿನಲ್ಲಿ ಉಳಿಯಿತು. ಅವನ ದುಡಿಮೆಯಲ್ಲೇ ಮೂವರ ಹೊಟ್ಟೆ ತುಂಬಬೇಕಿತ್ತು.

ಲೈನಿನ ಮನೆ ಎಂದರೆ ಕೆಲಸಗಾರರಿಗೆಂದು ಗಣಿಯವರು ಸಾಲಾಗಿ ಕಟ್ಟಿಸಿದ್ದ, ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಒಂದು ಕೋಣೆ. ಭೂಮಿಯ ಹೊಟ್ಟೆಯಿಂದ ಚಿನ್ನ ಎತ್ತುವವರಿಗೆ ಆ ಗೋಡೆ. ಅದರೊಳಗೆ ಮನುಷ್ಯರಿಗಿಂತ ಇಲಿಗಳೇ ಸುಖವಾಗಿದ್ದವು. ಒಂದು ಬೆಳಿಗ್ಗೆ ಗಂಡನ ಕಂಬಳಿ ಮಡಚುವಾಗ ಕದಿರಮ್ಮನ ಕೈಗೆ ಒದ್ದೆ ತಾಗಿತು. ನೋಡಿದರೆ ರಕ್ತ. ಎಡಗಾಲಿನ ಕಿರುಬೆರಳ ತುದಿಯಲ್ಲಿ ಮಾಂಸವೇ ಇರಲಿಲ್ಲ. ಕೋದಂಡಪ್ಪ ಆಗತಾನೇ ಎದ್ದು, ರಾತ್ರಿ ಒಳ್ಳೆ ನಿದ್ದೆ ಬಂತು ಎನ್ನುತ್ತಿದ್ದ.

ಇದನ್ನು ಯಾರಿಗೆ ಹೇಳುವುದು? ಹಿಂದಿನ ಲೈನಿನಲ್ಲಿ ಪಾಪಕ್ಕ ಎಂಬವಳ ಕೂಸಿನ ಕಿವಿಯನ್ನು ಇಲಿ ಕಚ್ಚಿತ್ತು. ಕೂಸು ಬದುಕಿಕೊಂಡಿತು, ಪಾಪಕ್ಕನ ಮಾನ ಹೋಯಿತು. ನಲ್ಲಿಯ ಹತ್ತಿರ ಅವಳು ಕೊಡ ಇಟ್ಟರೆ ಸಾಕು, 'ಇಲಿಗೆ ಮಗೀನ ಆಕ್ದೋಳು ಬಂದ್ಲು' ಎಂದು ಹೆಂಗಸರು ಮೂತಿ ತಿರುವುತ್ತಿದ್ದರು. ಮಗುವಿನ ವಿಷಯಕ್ಕೇ ಹಾಗಾದರೆ, ಗಂಡನನ್ನು ಇಲಿಗೆ ಹಾಕಿದವಳನ್ನು ಏನೆಂದಾರು? ಕದಿರಮ್ಮ ಬೆರಳಿಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿದಳು. ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ಮೈದುನನಿಂದ ಆಣೆ ಮಾಡಿಸಿಕೊಂಡಳು. ಬೋನು ಇಟ್ಟಳು; ಒಂದು ಬಿದ್ದರೆ ಹತ್ತು ಬಂದವು. ಕಾಲಿಗೆ ಗೋಣಿ ಸುತ್ತಿದರೆ ಅದನ್ನೂ ಕಡಿದವು. ಕೊನೆಗೆ ಕ್ಯಾಸಂಬಳ್ಳಿಯಲ್ಲಿದ್ದ ನಮ್ಮಮ್ಮನಿಗೆ ಹೇಳಿಕಳಿಸಿದಳು: ನಿಮ್ಮ ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದ್ದರೆ ಒಂದನ್ನು ತಾ.

ಆ ಲೈನಿನಲ್ಲಿ ಅದುವರೆಗೆ ಯಾರೂ ಬೆಕ್ಕು ಸಾಕಿರಲಿಲ್ಲ. ಅದಕ್ಕೆ ಕಾರಣವಿತ್ತು. ಮನೆಗಳ ಮುಂದಿನ ಓಣಿಯೇ ಗಂಡಸರು ಪಾಳಿಗೆ ಹೋಗುವ ದಾರಿ. ಭೂಮಿಯೊಳಗೆ ಇಳಿಯುವವನಿಗೆ ಬೆಕ್ಕು ಅಡ್ಡ ಬಂದರೆ ಅವನು ವಾಪಸು ಬಂದು ಕೂತು, ನೀರು ಕುಡಿದು, ಆಮೇಲೆ ಹೊರಡಬೇಕು. ಕೆಲವರು ಅಂದಿನ ಪಾಳಿಯನ್ನೇ ಬಿಡುತ್ತಿದ್ದರು. ದಿನಾ ಸಾವಿನ ಬಾಯಿಗೆ ಇಳಿದು ಏಳುವವರ ಭಯವನ್ನು ಕಂಡು ಮೇಲೆ ನಿಂತವರು ನಗಬಾರದು ಎಂದು ದೊಡ್ಡಮ್ಮ ನನಗೆ ಬುದ್ಧಿ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಅಮ್ಮ ಮರಿಯನ್ನು ಬುಟ್ಟಿಯಲ್ಲಿ ಹಾಕಿ, ದಾರಿ ಕಾಣದಂತೆ ಮೇಲೆ ಬಟ್ಟೆ ಕಟ್ಟಿ ತಂದಳು. ಬೂದು ಬಣ್ಣದ ಪಟ್ಟೆ ಮರಿ. ಪಕ್ಕದ ಮನೆಯ ಅಕ್ಕಯ್ಯಮ್ಮ ಬಾಗಿಲಲ್ಲೇ ತಡೆದಳು.

"ಬೆಕ್ಕು ಸಾಕ್ತೀಯಾ ಕದಿರಿ? ನಮ್ಮೋರು ಗಣಿಗೆ ಓಗೋ ದಾರಿ ಕಣೆ ಇದು."

"ಸಂಗು ಊದೋ ವೊತ್ಗೆ ಅದು ಒಳಗಿರ್ತದೆ ಅಕ್ಕಯ್ಯ. ಒಂದ್ಸಲ ಅಡ್ಡ ಬಂದ್ರೆ ನನ್ನ ಕೇಳು."

ಪಾಳಿಯ ಸೈರನ್ನಿಗೆ ಲೈನಿನವರು ಸಂಗು ಎನ್ನುತ್ತಿದ್ದರು. ಮೊದಲ ಸಂಗು ಊದಿ ಸ್ವಲ್ಪ ಹೊತ್ತಾದ ಮೇಲೆ ಗಂಡಸರು ಮನೆ ಬಿಡುತ್ತಿದ್ದರು.

"ಬೆಕ್ಕಿಗೆ ಸಂಗು ತಿಳೀತದಾ?" ಎಂದಳು ಅಕ್ಕಯ್ಯಮ್ಮ.

"ನಿನ್ ಗಂಡನಿಗೆ ತಿಳೀತದಲ್ಲ, ಇದ್ಕೂ ತಿಳೀತದೆ ಬಿಡು."

ಅಕ್ಕಯ್ಯಮ್ಮ ನಕ್ಕುಬಿಟ್ಟಳು. ಹೀಗೆ ಮರಿ ಒಳಗೆ ಬಂತು. ಹೆಸರೇನೂ ಇಡಲಿಲ್ಲ, ತೆಲುಗಿನವರ ಹಾಗೆ ಪಿಲ್ಲಿ ಎಂದೇ ಕರೆದರು.

ಮೊದಲ ದಿನಗಳಲ್ಲಿ ಅದು ಒರಳುಕಲ್ಲಿನ ಹಿಂದೆ ಅಡಗಿ ಕೂತು ತಾಯಿಗಾಗಿ ಅರಚಿತು. ಕದಿರಮ್ಮ ಎಳೆಯಲು ಹೋಗಲಿಲ್ಲ. ಹತ್ತಿರವೇ ಅಕ್ಕಿ ಆರಿಸುತ್ತಾ ಕೂತಳು. ತಾನಾಗಿ ಬಂದು ಸೀರೆಯ ಅಂಚು ಮೂಸಿದಾಗಲೂ ಮುಟ್ಟಲಿಲ್ಲ. ಮಡಿಲಿಗೆ ಹತ್ತಿದ ಮೇಲೆಯೇ ಕಿವಿಯ ಹಿಂದೆ ತುರಿಸಿದಳು. ಒಡೆದ ಮಡಕೆಯ ತಳದಲ್ಲಿ ಒಲೆಯ ಬೂದಿ ತುಂಬಿ ಮೂಲೆಗಿಟ್ಟಳು. ಉಂಡ ತಕ್ಷಣ ಎತ್ತಿ ಅದರಲ್ಲಿ ಕೂರಿಸಿ, ಅದರ ಮುಂಗಾಲಿನಿಂದಲೇ ಬೂದಿ ಕೆದರಿಸುತ್ತಿದ್ದಳು. ಬೇಗ ಕಲಿತುಕೊಂಡಿತು. ಹಾಲಿನ ಚೊಂಬನ್ನು ನೆಲುವಿನಲ್ಲಿಟ್ಟು ಮೇಲೆ ಭಾರದ ಮುಚ್ಚಳ ಹಾಕಿದಳು. ಕದಿಯಲು ಸಿಗದಿದ್ದರೆ ಕದಿಯುವ ಬುದ್ಧಿಯೇ ಬರುವುದಿಲ್ಲ ಎನ್ನುವುದು ಅವಳ ಲೆಕ್ಕ.

ಕಷ್ಟವಾದದ್ದು ಬೇರೆ. ಮರಿಗೆ ಆಟಕ್ಕೆ ಬೇಕಾದದ್ದು ಕೋದಂಡಪ್ಪನ ಕಾಲ ಬೆರಳುಗಳೇ. ಪರಚಿದರೆ, ಕಚ್ಚಿದರೆ ಅವನಿಗೆ ತಿಳಿಯದು; ಇಲಿ ಕಾಯಲು ತಂದದ್ದೇ ಇಲಿಯ ಕೆಲಸ ಮಾಡತೊಡಗಿತು. ಹೊಡೆದರೆ ಮನೆ ಬಿಟ್ಟು ಓಡೀತು. ಆದ್ದರಿಂದ ಅದು ಬೆರಳಿಗೆ ಬಾಯಿ ಹಾಕಿದಾಗಲೆಲ್ಲ ಮುಖಕ್ಕೆ ಫೂ ಎಂದು ಊದಿ, ಕೆಳಗಿಳಿಸಿ, ಆಟಕ್ಕೆ ಒಂದು ಹಗ್ಗದ ತುಂಡು ಕೊಡುತ್ತಿದ್ದಳು. ಸುಮ್ಮನೆ ಕಾಲ ಬಳಿ ಮಲಗಿದರೆ ಒಣಮೀನಿನ ಚೂರು. ಕೋದಂಡಪ್ಪನೂ ಮಲಗಿದಲ್ಲಿಂದಲೇ ಫೂ ಎನ್ನಲು ಕಲಿತ. ಆಗಿನ ಅವನ ಬದುಕಿನಲ್ಲಿ ಅವನಿಗಿದ್ದ ಕೆಲಸ ಅದೊಂದೇ, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದ. ಪಿಲ್ಲಿ ಅವನ ಪಾದಗಳ ಮೇಲೆ ಸುತ್ತಿಕೊಂಡು ಮಲಗುವುದು ರೂಢಿಯಾಯಿತು.

"ಬೆಚ್ಗೈತಾ?" ಎಂದು ಅವಳು ಒಮ್ಮೆ ಕೇಳಿಬಿಟ್ಟಳು.

"ನಂಗೆ ತಿಳೀದು," ಎಂದ ಅವನು. "ಆದ್ರೆ ಕಾಣ್ತದಲ್ಲ."

ಇನ್ನು ಸಂಗು. ಸಂಗು ಊದಿದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಪಿಲ್ಲಿಗೆ ಊಟವಿಲ್ಲ. ಊದಲು ಶುರುವಾದ ಕೂಡಲೇ ಕದಿರಮ್ಮ ತಟ್ಟೆ ಬಡಿದು ಮುದ್ದೆ ಹಿಸುಕಿದ ಮೀನಿನ ಸಾರು ಇಡುತ್ತಿದ್ದಳು, ಬಾಗಿಲು ಹಾಕಿಬಿಡುತ್ತಿದ್ದಳು. ಕೆಲವು ವಾರಗಳಲ್ಲಿ ತಟ್ಟೆ ಬಡಿಯುವುದೂ ಬೇಡವಾಯಿತು. ಪಿಲ್ಲಿ ಎಲ್ಲೇ ಇರಲಿ, ಸಂಗು ಕೇಳಿದರೆ ಬಾಲ ಎತ್ತಿಕೊಂಡು ಮನೆಗೆ ಓಡುತ್ತಿತ್ತು. ಗಂಡಸರು ಓಣಿಗೆ ಇಳಿಯುವ ಹೊತ್ತಿಗೆ ಅದು ಒಳಗೆ. ಅಕ್ಕಯ್ಯಮ್ಮನ ಗಂಡ ವೆಂಕಟೇಶಪ್ಪ ಚಪ್ಪಲಿ ಮೆಟ್ಟುತ್ತಾ, "ಪಿಲ್ಲಿ ಡ್ಯೂಟಿಗೆ ಓಯ್ತು, ನಾನೂ ಒಂಡ್ತೀನಿ," ಎಂದು ತಮಾಷೆ ಮಾಡುತ್ತಿದ್ದ. ಇಲಿಗಳು ಆ ಕೋಣೆಯನ್ನೇ ಬಿಟ್ಟವು. ಗಾಯ ಮಾಯಿತು. ಒಂದು ವರ್ಷಕ್ಕೂ ಮೀರಿ ಕದಿರಮ್ಮ ಬೆಳಿಗ್ಗೆ ಎದ್ದು ಕಂಬಳಿ ಎತ್ತುವಾಗ ಹೆದರಲಿಲ್ಲ.

ಐವತ್ತೇಳರ ಬೇಸಿಗೆಯ ಒಂದು ಮಧ್ಯಾಹ್ನ ನೆಲ ನಡುಗಿತು. ತಟ್ಟಿಯ ಗೋಡೆಯಿಂದ ಮಣ್ಣು ಉದುರಿತು, ಪಾತ್ರೆಗಳು ಉರುಳಿದವು. ಒಳಗೆ ಬಂಡೆ ಸಿಡಿದಿದೆ ಎಂದು ಲೈನಿನಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಗಂಡನೋ ಮಗನೋ ಕೆಳಗಿದ್ದ ಹೆಂಗಸರೆಲ್ಲ ಇದ್ದ ಬಟ್ಟೆಯಲ್ಲೇ ಗಣಿಗೆ ಇಳಿಯುವ ಬಾವಿ, ಶಾಫ್ಟಿನ ಕಡೆ ಓಡಿದರು. ಅಷ್ಟರಲ್ಲಿ, ಯಾರು ಸತ್ತರೂ ಬದುಕಿದರೂ ತನ್ನ ಹೊತ್ತಿಗೆ ಊದುವ ಪಾಳಿಯ ಸಂಗು ಊದಿತು. ಪಿಲ್ಲಿ ಕಲಿತದ್ದನ್ನು ಮಾಡಿತು. ನಲ್ಲಿಯ ಕಟ್ಟೆಯಿಂದ ಹಾರಿ, ಓಡುತ್ತಿದ್ದ ಅಕ್ಕಯ್ಯಮ್ಮನ ಕಾಲಿನ ಮುಂದೆಯೇ ಓಣಿ ದಾಟಿ ಮನೆಯೊಳಗೆ ನುಗ್ಗಿತು. ಅಕ್ಕಯ್ಯಮ್ಮ ಒಂದು ಗಳಿಗೆ ನಿಂತಳು, ನೋಡಿದಳು, ಮತ್ತೆ ಓಡಿದಳು. ಮಾರನೆಯ ದಿನ ವೆಂಕಟೇಶಪ್ಪನ ಹೆಣವನ್ನು ಮೇಲಕ್ಕೆ ತಂದರು.

ಬಂಡೆ ಸಿಡಿದದ್ದು ಮೊದಲು, ಬೆಕ್ಕು ಅಡ್ಡ ಬಂದದ್ದು ಆಮೇಲೆ. ಚಿಕ್ಕ ಮಗುವಿಗೂ ಹೊಳೆಯುವ ಈ ಮಾತು ಲೈನಿನಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ಅಕ್ಕಯ್ಯಮ್ಮನ ಮಟ್ಟಿಗೆ ನಾನು ತಪ್ಪು ಹೇಳಲಾರೆ. ಅಡ್ಡ ಬಂದಾಗ ನಿಂತು ಕೂರದೆ ಓಡಿದೆನಲ್ಲ ಎಂಬ ಸಂಕಟ ಅವಳನ್ನು ತಿನ್ನುತ್ತಿತ್ತು. ತನ್ನನ್ನು ಬೈದುಕೊಳ್ಳುವುದಕ್ಕಿಂತ ಬೆಕ್ಕನ್ನು ಬೈಯುವುದು ಮೇಲು. ಆದರೆ ಉಳಿದವರಿಗೆ ಏನಾಗಿತ್ತು? ರಾಮಚಂದ್ರಪ್ಪನ ಗ್ಯಾಂಗಿನವರು, ಆ ಬೆಕ್ಕು ಮನೆಯಲ್ಲಿರುವ ತನಕ ಗಣಿಯೊಳಗೆ ಇಳಿಸುವ ಕೇಜಿಗೆ ನಿನ್ನ ಜೊತೆ ಹತ್ತುವುದಿಲ್ಲ ಎಂದರು. ಜೊತೆಯವರು ಕೈ ಬಿಟ್ಟವನು ಗಣಿಯೊಳಗೆ ಕೆಲಸ ಮಾಡುವಂತಿಲ್ಲ. ಕೆಲಸ ಹೋದರೆ ಮನೆಯೂ ಹೋಯಿತು.

"ಯೋಳ್ಬಿಡ್ಲಾ ಅತ್ಗೆ?" ಎಂದು ಅವನು ಕೇಳಿದ. "ಅಣ್ಣನ ಕಾಲು ನೋಡ್ಲಿ ಅವ್ರು."

"ಅವ್ರು ನೋಡಾದ್ಮೇಲೆ ನಾನು ಯಾವ ಮುಖ ಇಟ್ಕೊಂಡು ನೀರ್ಗೋಗ್ಲಿ?" ಎಂದಳು ಕದಿರಮ್ಮ. ಅವಳಿಗೂ ಒಳಗೊಳಗೆ ಬೆಕ್ಕಿನ ಮೇಲೆ ಅನುಮಾನ ಹುಟ್ಟಿತ್ತು. ಅವಳೂ ಅದೇ ಲೈನಿನ ಹೆಂಗಸಲ್ಲವೇ?

ಕೋದಂಡಪ್ಪ ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದ. "ಬಿಟ್ಬಾ," ಎಂದ. "ಕಾಲು ಎಂಗೂ ನನ್ದಲ್ಲ."

ಕ್ಯಾಸಂಬಳ್ಳಿಗೆ ತಂದರೆ ತವರಿನ ಮೇಲೆ ಮಾತು ಬಂದೀತೆಂದು ಕದಿರಮ್ಮ ಪಿಲ್ಲಿಯನ್ನು ಚೀಲದಲ್ಲಿ ಹಾಕಿಕೊಂಡು ಊರಿಗಾಂನಲ್ಲಿ ರೈಲು ಹತ್ತಿದಳು. ಬಂಗಾರಪೇಟೆಯಲ್ಲಿ ಕಾಳಿನ ಮಂಡಿಗಳ ಹಿಂದೆ ಇಲಿಗೇನು ಬರವಿಲ್ಲ. ಚೀಲದ ಬಾಯಿ ಬಿಚ್ಚಿದಳು. ಪಿಲ್ಲಿ ಹೊರಗೆ ಬಂತು, ಆದರೆ ಅವಳ ಕಾಲು ಬಿಟ್ಟು ಕದಲಲಿಲ್ಲ. ಮಡಿಲಿನಿಂದ ಒಣಮೀನು ತೆಗೆದು ಹಾಕಿ, ಅದು ತಿನ್ನಲು ತಲೆ ಬಗ್ಗಿಸಿದಾಗ ಎದ್ದು ನಡೆದುಬಿಟ್ಟಳು. ಇಷ್ಟು ಹೇಳಿದ ದಿನ ದೊಡ್ಡಮ್ಮ ಬೇಗ ಗಂಟು ಕಟ್ಟಿ ಮನೆಗೆ ಹೋದಳು, ಸೊಪ್ಪು ಅರ್ಧವೂ ಮಾರಿರಲಿಲ್ಲ.

ರಾಮಚಂದ್ರಪ್ಪ ಮತ್ತೆ ಕೇಜಿನಲ್ಲಿ ಇಳಿದ. ಇಲಿಗಳು ಬಂದವು. ಕದಿರಮ್ಮ ಗಂಡನ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ಹಗಲೆಲ್ಲ ದುಡಿದ ಮೈ, ಎಷ್ಟು ದಿನ ಎಚ್ಚರವಿದ್ದೀತು? ಕಣ್ಣು ಹತ್ತಿದಾಗಲೆಲ್ಲ ಒಂದೊಂದು ಗಾಯ. ಆಸ್ಪತ್ರೆಯಲ್ಲಿ ಬಿಚ್ಚಿ ನೋಡುತ್ತಾರೆಂದು ಅಲ್ಲಿಗೂ ಕರೆದೊಯ್ಯಲಿಲ್ಲ. ಅದನ್ನು ನೆನೆದರೆ ನನಗೆ ಅವಳ ಮೇಲೂ ಸಿಟ್ಟು ಬರುತ್ತದೆ. ಗಾಯ ಕೊಳೆಯಿತು, ಜ್ವರ ಬಂತು. ಐವತ್ತೆಂಟರ ಮಳೆಗಾಲದಲ್ಲಿ ಕೋದಂಡಪ್ಪ ಸತ್ತ.

ಹೆಣದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಬೇಕು. ಗಂಡಸರು ಹೊರಗೆ ಬಿದಿರು ಕಡಿಯುತ್ತಿದ್ದರು. ಅಕ್ಕಯ್ಯಮ್ಮ ಅಷ್ಟು ದಿನವೂ ಮಾತು ಬಿಟ್ಟಿದ್ದಳು, ಆದರೂ ಸಾವಿನ ಮನೆಗೆ ಬಾರದೆ ಇರುವುದುಂಟೇ? ಬಟ್ಟೆಯ ಚಿಂದಿ ಹಿಡಿದು ಬಂದು, ಕದಿರಮ್ಮ ತಡೆಯುವ ಮೊದಲೇ ಕಂಬಳಿಯ ತುದಿ ಎತ್ತಿದಳು. ಕಟ್ಟಲು ಬಲಗಾಲಿನಲ್ಲಿ ಹೆಬ್ಬೆರಳೇ ಇರಲಿಲ್ಲ.

"ಇಲಿ," ಎಂದಳು ಕದಿರಮ್ಮ.

ಅಕ್ಕಯ್ಯಮ್ಮ ಚಿಂದಿಯನ್ನು ಪಕ್ಕಕ್ಕಿಟ್ಟಳು. "ಅದ್ಕಾ ಬೆಕ್ಕು ಸಾಕಿದ್ದು?"

"ಊಂ."

"ನಂಗಾದ್ರೂ ಯೋಳ್ಬಾರ್ದಾಗಿತ್ತಾ ಕದಿರಿ?"

"ಯೋಳಿದ್ರೆ ಬೆಕ್ಕಿರೋಕೆ ಬಿಡ್ತಿದ್ಯಾ?"

ಅಕ್ಕಯ್ಯಮ್ಮ ಯೋಚಿಸಿದಳು. ಹೆಣದ ಮುಂದೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಇಲ್ಲ," ಎಂದಳು.

ಆಮೇಲೆ ತನ್ನ ಸೀರೆಯ ಅಂಚನ್ನು ಉದ್ದಕ್ಕೆ ಹರಿದು, ಎರಡು ಪಾದಗಳನ್ನೂ ಸೇರಿಸಿ, ಒಂದು ಬೆರಳೂ ಕಾಣದ ಹಾಗೆ ಹಿಮ್ಮಡಿಯ ತನಕ ಸುತ್ತಿ ಬಿಗಿದಳು. ಗಂಡಸರು ಹೆಣ ಎತ್ತಲು ಒಳಗೆ ಬಂದಾಗ, "ಕಾಲು ನಾನು ಕಟ್ಟಿವ್ನಿ, ಯಾರೂ ಬಿಚ್ಬ್ಯಾಡಿ," ಎಂದು ಗದರಿದಳು. ಯಾರೂ ಬಿಚ್ಚಲಿಲ್ಲ.