ಡ್ರಮ್ ಸೆಟ್ಟಿನ ಎರಡನೇ ಕುರ್ಚಿ

ಗೆಳೆಯರೇ, ಮನೆಯ ಮೂಲೆಯಲ್ಲಿ ಹಿಡಿಯುವಷ್ಟು ಪುಟ್ಟದಾದ ನನ್ನ ಡ್ರಮ್ ಸೆಟ್ಟು ಕೊನೆಗೂ ಇವತ್ತು ಸಿದ್ಧವಾಯಿತು. ಸಣ್ಣ ಡ್ರಮ್ಮುಗಳು ಸಿಂದಗಿಯ ಗುಜರಿಯಲ್ಲಿ ಸಿಕ್ಕಿದ್ದವು. ದೊಡ್ಡದು ಮಾತ್ರ ಬಸವನ ಬಾಗೇವಾಡಿಯ ಮಡಿವಾಳಪ್ಪ ಕಾಕಾ ಮದುವೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದದ್ದು. ತುಕ್ಕು ತಿಕ್ಕಿ, ಹೊಸ ತೊಗಲು ಬಿಗಿದು, ಹಿತ್ತಾಳೆ ಪಟ್ಟಿಗಳನ್ನು ನಮ್ಮ ಇಂಡಿ ಊರಿನ ನಿಂಬೆಹಣ್ಣಿನಿಂದಲೇ ಬೆಳಗಿದ್ದೆ. ನೋಡಲು ಕಾಕಾ ಬಸ್ಸು ಹತ್ತಿ ಬಂದರು.

ಸ್ಟೂಲಿನ ಮೇಲೆ ಕೂತು, ದೊಡ್ಡ ಡ್ರಮ್ಮಿಗೆ ಜೋಡಿಸಿದ್ದ ಪೆಡಲನ್ನು ಕಾಲಿನಿಂದ ಒತ್ತಿದೆ. ಧಂ! ಕಾಕಾ ಚಹಾ ಕೆಳಗಿಟ್ಟರು.

“ತಮ್ಮಾ, ವಾದ್ಯಕ್ಕ ಕಾಲು ಹಚ್ಚತಿಯೇನ? ನಲವತ್ತು ವರ್ಷ ಎದಿ ಮ್ಯಾಲ ಹೊತ್ತೇನಿ ಅದನ್ನ!”

“ನನ್ನ ಕಾಲು ತಾಗೂದಿಲ್ರಿ ಕಾಕಾ. ಬಡಿಯೂದು ಪೆಡಲ್ ರಿ.”

“ಪೆಡಲ್ ತುಳಿಯಾಂವ ಯಾರಲೇ? ನಾನೇನು?”

ನಾನು ಪೆಡಲ್ಲಿನಿಂದ ಕಾಲು ತೆಗೆದೆ. ಕಾಕಾ ಹೆಗಲ ಟವಲಿನಿಂದ ಡ್ರಮ್ಮನ್ನು ಒರೆಸಿ, ಮುಟ್ಟಿ ನಮಸ್ಕರಿಸಿ, ಪಕ್ಕಕ್ಕೊಂದು ಕುರ್ಚಿ ಎಳೆದು ಕೋಲು ಹಿಡಿದರು.

“ಇದು ನನಗಿರ್ಲಿ. ನೀ ಸಣ್ಣೂವು ಬಾರ್ಸು.”

ಅವರ ಮೊದಲ ಏಟಿಗೇ ನನ್ನ ಕೈಗಳು ತಾವಾಗಿ ಓಡಿದವು. ಒಬ್ಬೊಬ್ಬರಾಗಿ ಓಣಿಯವರು ಬಾಗಿಲಿಗೆ ಬಂದರು.

“ಯಾರ ಲಗ್ನಾರಿ?”

“ಈ ಡ್ರಮ್ಮಿನ ಎರಡನೇ ಲಗ್ನ! ಒಳಗ ಬರ್ರಿ!” ಎಂದು ಕಾಕಾ ಬಾರಿಸುತ್ತಲೇ ಕೂಗಿದರು.

ಒಬ್ಬನೇ ಬಾರಿಸಲೆಂದು ಕಟ್ಟಿದ ಸೆಟ್ಟಿಗೆ ಈಗ ಇಬ್ಬರಾಗಿದ್ದೇವೆ. ಆನ್‌ಲೈನ್‌ನಲ್ಲಿ ತರಿಸಿದ ಆ ಪೆಡಲ್ಲು ಮಾತ್ರ, ಗಾಳಿಗೆ ಬಾಗಿಲು ಬಡಿಯದಂತೆ ತಡೆದುಕೊಂಡು ಕೂತಿದೆ.